ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಔದ್ಯೋಗಿಕ ಅಪಘಾತಗಳು

ಔದ್ಯೋಗಿಕ ಅಪಘಾತ ಎಂದರೆ ಉದ್ಯೋಗದ ಕಾರಣದಿಂದ ಮತ್ತು ಉದ್ಯೋಗದಲ್ಲಿ ನಿರತನಾಗಿರುವಾಗ ಕೆಲಸಗಾರನಿಗೆ ಉಂಟಾಗುವ ಗಾಯ, ಅಂಗವೈಕಲ್ಯ ಅಥವಾ ಮರಣ. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲೂಕುಗಳಾದ ಕಾರವಾರ ಮತ್ತು ಅಂಕೋಲಾಗಳಲ್ಲಿ ಮೀನುಗಾರಿಕೆ, ಬಂದರು, ಅಣುವಿದ್ಯುತ್ ಉತ್ಪಾದನೆ, ನೌಕಾನೆಲೆ, ರಾಸಾಯನಿಕ ಕಾರ್ಖಾನೆ, ಹೆದ್ದಾರಿ ಸಾರಿಗೆ, ಕಟ್ಟಡ ನಿರ್ಮಾಣ ಹಾಗೂ ತೋಟಗಾರಿಕೆ ಒಂದೇ ಪ್ರದೇಶದಲ್ಲಿ ಕಂಡುಬರುತ್ತವೆ. ಆದ್ದರಿಂದ ಇಲ್ಲಿನ ಔದ್ಯೋಗಿಕ ಅಪಾಯಗಳ ಸ್ವರೂಪವೂ ವೈವಿಧ್ಯಮಯವಾಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಾದ್ಯಂತ ಪ್ರತಿವರ್ಷ ಸುಮಾರು 29.3 ಲಕ್ಷ ಜನರು ಕೆಲಸಕ್ಕೆ ಸಂಬಂಧಿಸಿದ ಅಪಘಾತ ಮತ್ತು ಕಾಯಿಲೆಗಳಿಂದ ಸಾಯುತ್ತಾರೆ, ಸುಮಾರು 39.5 ಕೋಟಿ ಜನರು ಮಾರಣಾಂತಿಕವಲ್ಲದ ಗಾಯಗಳಿಗೆ ಒಳಗಾಗುತ್ತಾರೆ.

ವ್ಯಾಖ್ಯಾನ

ಭಾರತೀಯ ಕಾನೂನಿನಲ್ಲಿ ಒಂದು ಗಾಯವು ಔದ್ಯೋಗಿಕ ಗಾಯವೆನಿಸಲು ಎರಡು ಅಂಶಗಳು ಮುಖ್ಯ. ಮೊದಲನೆಯದು, ಅಪಘಾತವು ಉದ್ಯೋಗದ ಅವಧಿಯಲ್ಲಿ ನಡೆದಿರಬೇಕು. ಎರಡನೆಯದು, ಉದ್ಯೋಗಕ್ಕೂ ಅಪಘಾತಕ್ಕೂ ಕಾರಣಸಂಬಂಧ ಇರಬೇಕು. ಮಾಲೀಕನ ತಪ್ಪು ಇತ್ತೆಂದು ಕೆಲಸಗಾರ ಸಾಬೀತುಪಡಿಸುವ ಅಗತ್ಯವಿಲ್ಲ. ಹಠಾತ್ ಅಪಘಾತಗಳಲ್ಲದೆ, ನಿರ್ದಿಷ್ಟ ವೃತ್ತಿಯಿಂದಲೇ ಬರುವ ಕಾಯಿಲೆಗಳನ್ನೂ ಕಾನೂನು ಗಾಯವೆಂದೇ ಪರಿಗಣಿಸುತ್ತದೆ. ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ಇದಕ್ಕೆ ಒಂದು ಉದಾಹರಣೆ.

ಪ್ರಾದೇಶಿಕ ಹಿನ್ನೆಲೆ

ಕಾರವಾರವು ಉತ್ತರ ಕನ್ನಡದ ಜಿಲ್ಲಾ ಕೇಂದ್ರ. ಕಾಳಿ ನದಿಯು ಇಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಗಂಗಾವಳಿ ನದಿಯು ಅಂಕೋಲಾ ತಾಲೂಕಿನ ದಕ್ಷಿಣ ಭಾಗದಲ್ಲಿ ಹರಿಯುತ್ತದೆ. ಸಮುದ್ರ ಮತ್ತು ಸಹ್ಯಾದ್ರಿಯ ನಡುವಿನ ಕಿರಿದಾದ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಾಗೂ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಹಾದುಹೋಗುತ್ತವೆ. ಗುಡ್ಡ ಕಡಿದು ದಾರಿ ಮಾಡಿದ ಇಂತಹ ಸ್ಥಳಗಳಲ್ಲಿ ಭಾರೀ ಮಳೆಗೆ ಮಣ್ಣು ಕುಸಿಯುವುದು ಸಾಮಾನ್ಯ. ಕೊಂಕಣ ರೈಲುಮಾರ್ಗದ ನಿರ್ಮಾಣಕಾಲದಲ್ಲಿ, ಮೂರು ರಾಜ್ಯಗಳನ್ನು ಸೇರಿಸಿ, ಒಟ್ಟು 74 ಮಂದಿ ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿ ಮಹಾರಾಷ್ಟ್ರದ ರತ್ನಾಗಿರಿಯಲ್ಲಿ ಶ್ರಮಶಕ್ತಿ ಸ್ಮಾರಕವಿದೆ.

ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳ ಅಣುವಿದ್ಯುತ್ ಸ್ಥಾವರವಿದೆ. ಸೀಬರ್ಡ್ ಯೋಜನೆಯಡಿ ನಿರ್ಮಾಣವಾದ ಐಎನ್‌ಎಸ್ ಕದಂಬ ನೌಕಾನೆಲೆಯು 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತಯಾರಿಸುವ ಕಾರ್ಖಾನೆ ಇದೆ. ಕಾರವಾರದ ಬೈತಖೋಲ್ ಮತ್ತು ಅಂಕೋಲಾದ ಬೇಲೇಕೇರಿಗಳು ಮೀನುಗಾರಿಕೆ ಮತ್ತು ಬಂದರು ಚಟುವಟಿಕೆಗಳ ಕೇಂದ್ರಗಳು.

ವೃತ್ತಿವಾರು ಅಪಾಯಗಳು

ಮೀನುಗಾರಿಕೆ

ಟ್ರಾಲ್ ಬೋಟುಗಳಲ್ಲಿ ಬಲೆ ಎಳೆಯುವ ವಿಂಚ್ ಯಂತ್ರಕ್ಕೆ ಕೈ, ತೋಳು ಅಥವಾ ಬಟ್ಟೆ ಸಿಲುಕುವುದು, ಬಿಗಿದ ಹಗ್ಗ ತುಂಡಾಗಿ ಬಡಿಯುವುದು, ಒದ್ದೆಯಾದ ಹಲಗೆಯ ಮೇಲೆ ಜಾರಿ ಸಮುದ್ರಕ್ಕೆ ಬೀಳುವುದು ಮೀನುಗಾರರ ಪ್ರಮುಖ ಅಪಾಯಗಳು. ನಾಡದೋಣಿಗಳಿಗೆ ಅಳಿವೆಯಲ್ಲಿನ ಅಲೆಗಳೇ ದೊಡ್ಡ ಅಪಾಯ. ಮೀನಿನ ಮುಳ್ಳು ಚುಚ್ಚಿದ ಗಾಯವನ್ನು ಮೀನುಗಾರರು ಬಹುತೇಕ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ತೊರಕೆ ಮೀನಿನ ಬಾಲದ ಮುಳ್ಳಿನಲ್ಲಿ ವಿಷವಿರುತ್ತದೆ. ಸಮುದ್ರದ ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಚಿಕ್ಕ ಗಾಯದ ಮೂಲಕವೂ ತೀವ್ರ ಸೋಂಕು ಉಂಟುಮಾಡಬಲ್ಲವು. ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಲ್ಲಿ ಈ ಅಪಾಯ ಹೆಚ್ಚು.

ಮೀನುಗಾರಿಕೆಯಲ್ಲಿ ಸಂಬಳಕ್ಕಿಂತ ಪಾಲಿನ ಪದ್ಧತಿ ಹೆಚ್ಚು ರೂಢಿಯಲ್ಲಿದೆ. ಹಿಡಿದ ಮೀನಿನ ಆದಾಯದಲ್ಲಿ ಪಾಲು ಪಡೆಯುವವನು ನೌಕರನೇ ಅಥವಾ ಪಾಲುದಾರನೇ ಎಂಬ ಪ್ರಶ್ನೆಯು ಪರಿಹಾರದ ವಿವಾದಗಳಲ್ಲಿ ಏಳುತ್ತದೆ.

ಕಟ್ಟಡ ಮತ್ತು ಕಲ್ಲುಗಣಿ ಕೆಲಸ

ಎತ್ತರದಿಂದ ಬೀಳುವುದು, ಸಾರುವೆ ಕುಸಿಯುವುದು, ಅಗೆದ ಹೊಂಡದ ಅಂಚಿನ ಮಣ್ಣು ಜರಿಯುವುದು ಮತ್ತು ವಿದ್ಯುತ್ ಆಘಾತ ಕಟ್ಟಡ ಕಾರ್ಮಿಕರನ್ನು ಕಾಡುವ ಅಪಾಯಗಳು. ಮಳೆಗಾಲದಲ್ಲಿ ಇವೆಲ್ಲ ಹೆಚ್ಚುತ್ತವೆ. ಚಿರೆಕಲ್ಲು ಕೊರೆಯುವಲ್ಲಿ ತಿರುಗುವ ಗರಗಸದ ಅಲಗಿನಿಂದ ಗಾಯಗಳಾಗುತ್ತವೆ. ಜಲ್ಲಿ ಕ್ರಷರ್‌ಗಳಲ್ಲಿ ಧೂಳಿನಿಂದ ಶ್ವಾಸಕೋಶದ ಕಾಯಿಲೆಗಳು ಬರುತ್ತವೆ.

ಕಾರ್ಖಾನೆ, ಹಡಗು ಮತ್ತು ಅಣುಸ್ಥಾವರ

ಕ್ಲೋರಿನ್ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ತಗ್ಗಿನಲ್ಲಿ ನಿಲ್ಲುತ್ತದೆ. ಕಾಸ್ಟಿಕ್ ಸೋಡಾ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಡಗಿನ ಒಳಕೋಣೆ, ಟ್ಯಾಂಕ್, ಮಲಿನಜಲದ ಗುಂಡಿ ಮುಂತಾದ ಗಾಳಿಯಾಡದ ಜಾಗಗಳಲ್ಲಿ ವಿಷಾನಿಲ ಸೇರಿಕೊಂಡಿರಬಹುದು ಅಥವಾ ಆಮ್ಲಜನಕ ಕಡಿಮೆಯಾಗಿರಬಹುದು. ಅಣುಸ್ಥಾವರಗಳಲ್ಲಿ ಸಾಮಾನ್ಯ ಕೈಗಾರಿಕಾ ಅಪಾಯಗಳ ಜೊತೆಗೆ ವಿಕಿರಣದ ಅಪಾಯವೂ ಇದೆ. ಅಣುಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣ ಕೆಲಸಗಾರರಿಗೆ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಹಾಗೂ ಐದು ವರ್ಷಗಳ ಅವಧಿಯಲ್ಲಿ ಒಟ್ಟು 100 ಮಿಲಿಸೀವರ್ಟ್ ಎಂಬ ಮಿತಿಗಳನ್ನು ವಿಧಿಸಿದೆ.

ಸಾರಿಗೆ

ಹೆದ್ದಾರಿಯ ಲಾರಿ ಮತ್ತು ಟ್ಯಾಂಕರ್ ಚಾಲಕರಿಗೆ ರಸ್ತೆಯೇ ಕೆಲಸದ ಸ್ಥಳ. ಚಾಲನೆಯ ನಡುವೆ ಊಟ, ಚಹಾ ಅಥವಾ ವಿಶ್ರಾಂತಿಗಾಗಿ ವಾಹನ ನಿಲ್ಲಿಸಿದ ಮಾತ್ರಕ್ಕೆ ಚಾಲಕನ ಉದ್ಯೋಗದ ಅವಧಿ ಕಡಿದುಹೋಗುವುದಿಲ್ಲ.

ಕೃಷಿ ಮತ್ತು ತೋಟಗಾರಿಕೆ

ತೆಂಗು ಮತ್ತು ಅಡಿಕೆ ಮರದಿಂದ ಬೀಳುವುದು, ಗದ್ದೆಯಲ್ಲಿ ಹಾವು ಕಚ್ಚುವುದು, ಮಳೆಗಾಲದ ನೀರಿನಲ್ಲಿ ಇಲಿಜ್ವರದ ಸೋಂಕು ತಗಲುವುದು ಈ ವರ್ಗಕ್ಕೆ ಸೇರುತ್ತವೆ. ಕೊನೆ ಕೊಯ್ಯಲು ಅಥವಾ ಔಷಧಿ ಹೊಡೆಯಲು ಬಳಸುವ ಉದ್ದನೆಯ ಲೋಹದ ದೋಟಿ ವಿದ್ಯುತ್ ತಂತಿಗೆ ತಾಗಿದರೆ ಪ್ರಾಣಾಪಾಯವಾಗುತ್ತದೆ.

ಪ್ರಮುಖ ಘಟನೆಗಳು

ಕೈಗಾ ಗುಮ್ಮಟ ಕುಸಿತ, 1994: ಕೈಗಾ ಸ್ಥಾವರದ ಮೊದಲ ಘಟಕ ನಿರ್ಮಾಣ ಹಂತದಲ್ಲಿದ್ದಾಗ, 1994ರ ಮೇ 13ರಂದು ಅದರ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿದ್ದು ಕಾರ್ಮಿಕರು ಗಾಯಗೊಂಡರು. ಆಗ ಸ್ಥಾವರದಲ್ಲಿ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಇರಲಿಲ್ಲ. ಗುಮ್ಮಟದ ವಿನ್ಯಾಸವನ್ನು ಪರಿಷ್ಕರಿಸಲಾಯಿತು. ಘಟಕವು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು.

ಕೈಗಾ ಟ್ರಿಟಿಯಂ ಪ್ರಕರಣ, 2009: 2009ರ ನವೆಂಬರ್‌ನಲ್ಲಿ ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಾಗಿರುವುದು ಕಂಡುಬಂದಿತು. ಕುಡಿಯುವ ನೀರಿನ ಒಂದು ಕೂಲರ್‌ಗೆ ಟ್ರಿಟಿಯಂಯುಕ್ತ ಭಾರಜಲ ಬೆರೆತಿತ್ತು. 50ಕ್ಕೂ ಹೆಚ್ಚು ಕೆಲಸಗಾರರು ಇದರಿಂದ ಬಾಧಿತರಾದರು. ಇದು ಉದ್ದೇಶಪೂರ್ವಕ ಕೃತ್ಯವೆಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷರು ಹೇಳಿದರು. ಯಾರಿಗೂ ಕಣ್ಣಿಗೆ ಕಾಣುವ ಗಾಯವಾಗದಿದ್ದರೂ ನಿಯತವಾಗಿ ನಡೆಯುತ್ತಿದ್ದ ಪರೀಕ್ಷೆಯಿಂದಲೇ ವಿಷಯ ಬೆಳಕಿಗೆ ಬಂದುದು ಈ ಪ್ರಕರಣದ ಗಮನಾರ್ಹ ಅಂಶ.

ಐಎನ್‌ಎಸ್ ವಿಕ್ರಮಾದಿತ್ಯ ಅನಿಲ ಸೋರಿಕೆ, 2016: ಕಾರವಾರದಲ್ಲಿ ದುರಸ್ತಿಯಲ್ಲಿದ್ದ ವಿಮಾನವಾಹಕ ನೌಕೆಯ ಮಲಿನಜಲ ಶುದ್ಧೀಕರಣ ಕೋಣೆಯಲ್ಲಿ 2016ರ ಜೂನ್ 10ರಂದು ವಿಷಾನಿಲ ಸೋರಿ ಒಬ್ಬ ನಾವಿಕ ಮತ್ತು ಒಬ್ಬ ಗುತ್ತಿಗೆ ಕಾರ್ಮಿಕ ಮೃತಪಟ್ಟರು. 2019ರ ಏಪ್ರಿಲ್ 26ರಂದು ಇದೇ ನೌಕೆ ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಬೆಂಕಿ ಕಾಣಿಸಿಕೊಂಡು, ಅದನ್ನು ನಂದಿಸುವ ಕಾರ್ಯದಲ್ಲಿದ್ದ ಒಬ್ಬ ನೌಕಾಧಿಕಾರಿ ಪ್ರಾಣ ಕಳೆದುಕೊಂಡರು.

ಸುವರ್ಣ ತ್ರಿಭುಜ ಬೋಟ್, 2018: ಮಲ್ಪೆಯಿಂದ 2018ರ ಡಿಸೆಂಬರ್‌ನಲ್ಲಿ ಹೊರಟ ಈ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡ ಜಿಲ್ಲೆಯವರು. ಬೋಟಿನ ಅವಶೇಷಗಳನ್ನು 2019ರ ಮೇ ತಿಂಗಳಲ್ಲಿ ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣ ಸಮೀಪದ ಸಮುದ್ರದಲ್ಲಿ ಪತ್ತೆಮಾಡಿತು.

ಶಿರೂರು ಗುಡ್ಡ ಕುಸಿತ, 2024: 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿಯನ್ನು ನಡೆಸುತ್ತಿದ್ದ ಕುಟುಂಬ ಮತ್ತು ಅಲ್ಲಿ ವಾಹನ ನಿಲ್ಲಿಸಿದ್ದ ಚಾಲಕರು ಮಣ್ಣಿನಡಿ ಸಿಲುಕಿದರು. ಅನಿಲ ಟ್ಯಾಂಕರ್ ಒಂದು ಗಂಗಾವಳಿ ನದಿಗೆ ತಳ್ಳಲ್ಪಟ್ಟಿತು. ಕೇರಳದ ಒಬ್ಬ ಚಾಲಕನ ಲಾರಿ ಮತ್ತು ದೇಹವು ಎರಡು ತಿಂಗಳಿಗೂ ಹೆಚ್ಚು ಕಾಲದ ಶೋಧದ ಬಳಿಕ, ಸೆಪ್ಟೆಂಬರ್ 25ರಂದು, ನದಿಯಲ್ಲಿ ದೊರೆತವು. ಮೃತರಲ್ಲಿ ಹಲವರು ತಮ್ಮ ದುಡಿಮೆಯಲ್ಲಿ ತೊಡಗಿದ್ದವರು ಎಂಬುದರಿಂದ ಈ ನೈಸರ್ಗಿಕ ವಿಕೋಪವು ಔದ್ಯೋಗಿಕ ದುರಂತವೂ ಆಗಿದೆ.

ಕಾಳಿ ಸೇತುವೆ ಕುಸಿತ, 2024: ಕಾರವಾರ ಮತ್ತು ಸದಾಶಿವಗಡಗಳ ನಡುವಿನ ಹಳೆಯ ಸೇತುವೆಯು 2024ರ ಆಗಸ್ಟ್ 7ರ ಮಧ್ಯರಾತ್ರಿಯ ಬಳಿಕ ಕುಸಿಯಿತು. ಅದರ ಮೇಲೆ ಸಾಗುತ್ತಿದ್ದ ಲಾರಿ ನದಿಗೆ ಬಿದ್ದಿತು. ತಮಿಳುನಾಡಿನ ಚಾಲಕನನ್ನು ಜೀವಂತವಾಗಿ ರಕ್ಷಿಸಲಾಯಿತು.

ಕಾನೂನು

ಕಾರ್ಮಿಕರ ಪರಿಹಾರ ಕಾಯ್ದೆ, 1923 ಭಾರತದ ಮೊದಲ ಸಾಮಾಜಿಕ ಭದ್ರತಾ ಕಾನೂನುಗಳಲ್ಲಿ ಒಂದು. 1924ರ ಜುಲೈ 1ರಂದು ಜಾರಿಗೆ ಬಂದ ಇದಕ್ಕೆ 2009ರ ತಿದ್ದುಪಡಿಯಲ್ಲಿ ನೌಕರರ ಪರಿಹಾರ ಕಾಯ್ದೆ ಎಂದು ಹೆಸರಿಡಲಾಯಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದ ಮೇಲೆ ಈ ವಿಷಯವು ಆ ಸಂಹಿತೆಯ 7ನೆಯ ಅಧ್ಯಾಯಕ್ಕೆ ಸೇರಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಮರಳುವಾಗ ನಡೆದ ಅಪಘಾತವನ್ನೂ, ಉದ್ಯೋಗದೊಂದಿಗೆ ಸಂಬಂಧ ಸ್ಥಾಪಿತವಾದಲ್ಲಿ, ಸಂಹಿತೆಯು ಒಳಗೊಳ್ಳುತ್ತದೆ. 1923ರ ಕಾಯ್ದೆಯಲ್ಲಿ ರೂಪುಗೊಂಡ ಮುಖ್ಯ ತತ್ತ್ವಗಳು ಹೀಗಿವೆ:

1. ಮೂರು ದಿನಗಳಿಗಿಂತ ಹೆಚ್ಚು ಕಾಲ ದುಡಿಯಲಾಗದಂತೆ ಮಾಡುವ ಗಾಯಕ್ಕೆ ಮಾಲೀಕನು ಪರಿಹಾರ ನೀಡಬೇಕು.
2. ಮದ್ಯಪಾನ ಮಾಡಿದ್ದ, ಸುರಕ್ಷತಾ ನಿಯಮವನ್ನು ಬೇಕೆಂದೇ ಉಲ್ಲಂಘಿಸಿದ್ದ ಎಂಬ ಆಕ್ಷೇಪಗಳು ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಲ್ಲಿ ನಿಲ್ಲುವುದಿಲ್ಲ.
3. ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದರೂ ಮೂಲ ಮಾಲೀಕನು ಪರಿಹಾರಕ್ಕೆ ಹೊಣೆಗಾರ. ಆತ ಅದನ್ನು ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು.
4. ಪರಿಹಾರದ ಹಕ್ಕನ್ನು ಬಿಟ್ಟುಕೊಡುವಂತೆ ಕೆಲಸಗಾರನಿಂದ ಬರೆಸಿಕೊಂಡ ಒಪ್ಪಂದ ಅಸಿಂಧು.
5. ಮರಣದ ಪರಿಹಾರವನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ಕುಟುಂಬದ ಕೈಗೆ ನೇರವಾಗಿ ಕೊಟ್ಟ ಹಣವು ಸಾಮಾನ್ಯವಾಗಿ ಪರಿಹಾರವೆನಿಸದು.
6. ಒಂದು ತಿಂಗಳೊಳಗೆ ಪಾವತಿಸದಿದ್ದರೆ ಶೇಕಡಾ 12ರ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದರೆ ಶೇಕಡಾ 50ರವರೆಗೆ ದಂಡವನ್ನೂ ವಿಧಿಸಬಹುದು.
7. ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲದೆ ಕೆಲಸಗಾರ ಅಥವಾ ಅವಲಂಬಿತರು ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಸಲ್ಲಿಸಬಹುದು. ಗೋವಾದಲ್ಲಿ ದುಡಿಯುವ ಕಾರವಾರದವರಿಗೂ ಹೆದ್ದಾರಿಯಲ್ಲಿ ಮೃತಪಟ್ಟ ಹೊರರಾಜ್ಯದ ಚಾಲಕರ ಕುಟುಂಬಗಳಿಗೂ ಈ ಅವಕಾಶ ಮುಖ್ಯವಾದುದು.

ಸಶಸ್ತ್ರ ಪಡೆಗಳ ಸದಸ್ಯರು 1923ರ ಕಾಯ್ದೆಯ ನೌಕರ ಎಂಬ ವ್ಯಾಖ್ಯಾನಕ್ಕೆ ಒಳಪಡುವುದಿಲ್ಲ. ಅವರಿಗೆ ಪ್ರತ್ಯೇಕ ನಿಯಮಗಳಿವೆ. ಆದ್ದರಿಂದ ಒಂದೇ ನೌಕೆಯ ಒಂದೇ ಅವಘಡದಲ್ಲಿ ಮೃತಪಟ್ಟ ನಾವಿಕ ಮತ್ತು ಗುತ್ತಿಗೆ ಕಾರ್ಮಿಕರ ಕುಟುಂಬಗಳು ಬೇರೆ ಬೇರೆ ವ್ಯವಸ್ಥೆಗಳ ಮೊರೆ ಹೋಗಬೇಕಾಗುತ್ತದೆ. ವಾಹನ ಅಪಘಾತದಲ್ಲಿ ಗಾಯಗೊಂಡ ಚಾಲಕನು ಮೋಟಾರು ವಾಹನ ಕಾಯ್ದೆ, 1988 ಅಥವಾ ನೌಕರರ ಪರಿಹಾರದ ಕಾನೂನು ಇವೆರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬಹುದು.

ನೌಕರರ ರಾಜ್ಯ ವಿಮೆ

10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ನೌಕರರ ರಾಜ್ಯ ವಿಮಾ ಯೋಜನೆ ಅನ್ವಯಿಸುತ್ತದೆ. 2019ರ ಜುಲೈನಿಂದ ವೇತನದ ಶೇಕಡಾ 3.25ರಷ್ಟನ್ನು ಮಾಲೀಕನೂ ಶೇಕಡಾ 0.75ರಷ್ಟನ್ನು ನೌಕರನೂ ವಂತಿಗೆಯಾಗಿ ನೀಡುತ್ತಾರೆ. ಉದ್ಯೋಗದ ಗಾಯದಿಂದ ತಾತ್ಕಾಲಿಕವಾಗಿ ದುಡಿಯಲಾರದವರಿಗೆ ವೇತನದ ಸುಮಾರು ಶೇಕಡಾ 90ರಷ್ಟು ನಗದು ನೆರವು ದೊರೆಯುತ್ತದೆ. ಈ ವಿಮೆಗೆ ಒಳಪಟ್ಟವರು ಅದೇ ಗಾಯಕ್ಕೆ ಮಾಲೀಕನಿಂದ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ.

ಇತರ ಯೋಜನೆಗಳು

ಕಟ್ಟಡ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರವು ಮಂಡಳಿಯ ಸೌಲಭ್ಯಗಳಲ್ಲಿ ಒಂದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ ರೂಪಾಯಿ ನಿಗದಿಯಾಗಿದೆ. ರಾಜ್ಯದಲ್ಲಿ ಮತ್ಸ್ಯಾಶ್ರಯದಂತಹ ಇತರ ಯೋಜನೆಗಳ ಜೊತೆಗೆ ಮೀನುಗಾರರ ಸಂಕಷ್ಟ ಪರಿಹಾರ ನಿಧಿಯೂ ಇದೆ.

ಪರಿಹಾರದ ಲೆಕ್ಕಾಚಾರ

1923ರ ಕಾಯ್ದೆಯಡಿ ಮರಣಕ್ಕೆ ಮಾಸಿಕ ವೇತನದ ಶೇಕಡಾ 50ನ್ನು, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಶೇಕಡಾ 60ನ್ನು ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸಲಾಗುತ್ತದೆ. 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ. 30 ವರ್ಷದವರ ಗುಣಕ 207.98, 50 ವರ್ಷದವರದು 153.09. ಅದರಂತೆ 15,000 ರೂಪಾಯಿ ವೇತನದ 30 ವರ್ಷದ ಕೆಲಸಗಾರ ಮೃತಪಟ್ಟರೆ 7,500 × 207.98, ಅಂದರೆ 15,59,850 ರೂಪಾಯಿ ಪರಿಹಾರ ಸಲ್ಲಬೇಕು.

ಭಾಗಶಃ ಅಂಗವೈಕಲ್ಯಕ್ಕೆ ಕಾಯ್ದೆಯ ಅನುಸೂಚಿಯಲ್ಲಿ ಶೇಕಡಾವಾರು ನಷ್ಟವನ್ನು ನಮೂದಿಸಲಾಗಿದೆ: ಹೆಬ್ಬೆರಳು ಹೋದರೆ ಶೇಕಡಾ 30, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇಕಡಾ 40, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ ಶೇಕಡಾ 50. ಮೇಲಿನ ಉದಾಹರಣೆಯ ಕೆಲಸಗಾರನು ಹೆಬ್ಬೆರಳು ಕಳೆದುಕೊಂಡರೆ 9,000 × 207.98ರ ಶೇಕಡಾ 30, ಅಂದರೆ 5,61,546 ರೂಪಾಯಿ ಆಗುತ್ತದೆ. ತಾತ್ಕಾಲಿಕ ಅಂಗವೈಕಲ್ಯಕ್ಕೆ ಮಾಸಿಕ ವೇತನದ ಶೇಕಡಾ 25ನ್ನು ಪ್ರತಿ ಅರ್ಧ ತಿಂಗಳಿಗೊಮ್ಮೆ, ಗರಿಷ್ಠ ಐದು ವರ್ಷಗಳವರೆಗೆ, ನೀಡಬೇಕು. ಚಿಕಿತ್ಸೆಯ ನೈಜ ವೆಚ್ಚವನ್ನೂ ಮಾಲೀಕನೇ ಭರಿಸಬೇಕು.

ಶೇಕಡಾವಾರು ಪಟ್ಟಿಯೇ ಅಂತಿಮವಲ್ಲ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಮತ್ತು ಶ್ರೀನಿವಾಸ ಸಬತ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಮಹತ್ವದ ತೀರ್ಪು ನೀಡಿತು. ಎಡಗೈಯನ್ನು ಮೊಣಕೈಯ ಮೇಲ್ಭಾಗದಿಂದ ಕಳೆದುಕೊಂಡ ಬಡಗಿಯೊಬ್ಬ ಒಂದೇ ಕೈಯಿಂದ ಬಡಗಿ ಕೆಲಸ ಮಾಡಲಾರನಾದ್ದರಿಂದ ಅದನ್ನು ಪೂರ್ಣ ಅಂಗವೈಕಲ್ಯವೆಂದೇ ಪರಿಗಣಿಸಬೇಕೆಂದು ಅದು ಹೇಳಿತು. ಪರಿಹಾರದ ಹೊಣೆಯು ಅಪಘಾತದ ದಿನದಂದೇ ಹುಟ್ಟುತ್ತದೆ ಎಂಬುದೂ ಈ ತೀರ್ಪಿನ ಭಾಗ.

ವರದಿ ಮತ್ತು ದಾಖಲೆ

ಚಿಕ್ಕದೆಂದು ತೋರುವ ಗಾಯವನ್ನು ದಾಖಲಿಸದಿರುವುದು ಔದ್ಯೋಗಿಕ ಸುರಕ್ಷತೆಯ ದೊಡ್ಡ ತೊಡಕುಗಳಲ್ಲಿ ಒಂದು. ದಿನಗೂಲಿ ತಪ್ಪುತ್ತದೆಂಬ ಭಯ, ಮಾಲೀಕನೊಂದಿಗೆ ಸಂಬಂಧ ಕೆಡುತ್ತದೆಂಬ ಅಳುಕು, ಪೊಲೀಸ್ ಪ್ರಕರಣವಾಗುತ್ತದೆಂಬ ಆತಂಕ ಇದಕ್ಕೆ ಕಾರಣಗಳು. ಕೆಲಸದಲ್ಲಾದ ಗಾಯವನ್ನು ಆಸ್ಪತ್ರೆಯಲ್ಲಿ ಮನೆಯಲ್ಲಿ ಬಿದ್ದದ್ದು ಎಂದು ಹೇಳಿ ಬರೆಸಿದರೆ, ಮುಂದೆ ಸೋಂಕು ಅಥವಾ ಶಾಶ್ವತ ನ್ಯೂನತೆ ಉಂಟಾದಾಗ ಆ ದಾಖಲೆಯೇ ಪರಿಹಾರದ ಅರ್ಜಿಗೆ ಅಡ್ಡಿಯಾಗುತ್ತದೆ.

ಕೆಲಸಗಾರನು ಅಪಘಾತದ ವಿಷಯವನ್ನು ಆದಷ್ಟು ಬೇಗ ಮಾಲೀಕನಿಗೆ ತಿಳಿಸಬೇಕು. ಮಾಲೀಕನಿಗೆ ಬೇರೆ ರೀತಿಯಲ್ಲಿ ವಿಷಯ ತಿಳಿದಿದ್ದರೆ, ಲಿಖಿತ ಸೂಚನೆ ಇಲ್ಲವೆಂಬ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. 1923ರ ಕಾಯ್ದೆಯಡಿ ಅರ್ಜಿ ಸಲ್ಲಿಸಲು ಎರಡು ವರ್ಷಗಳ ಅವಧಿಯಿದ್ದು, ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು. ಮರಣ ಅಥವಾ ತೀವ್ರ ಗಾಯ ಸಂಭವಿಸಿದಾಗ ಮಾಲೀಕನು ಏಳು ದಿನಗಳೊಳಗೆ ವರದಿ ಸಲ್ಲಿಸಬೇಕೆಂದೂ ಆ ಕಾಯ್ದೆ ವಿಧಿಸಿತ್ತು. ಕಾರ್ಖಾನೆಗಳ ಕಾಯ್ದೆ, 1948ರಂತೆ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಂತಹ ಗಾಯವಾದರೂ ಇನ್‌ಸ್ಪೆಕ್ಟರರಿಗೆ ತಿಳಿಸಬೇಕಾಗಿತ್ತು. ಈ ಕಾಯ್ದೆಯ ಸ್ಥಾನದಲ್ಲಿ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಇದೆ.

ಅಪಘಾತದ ದಿನಾಂಕ, ಸಮಯ ಮತ್ತು ಸ್ಥಳ, ಸಾಕ್ಷಿಗಳ ಹೆಸರು, ಆಸ್ಪತ್ರೆಯ ಚೀಟಿಗಳು, ವೇತನದ ಪುರಾವೆ, ಯಂತ್ರ ಅಥವಾ ಸ್ಥಳದ ಛಾಯಾಚಿತ್ರ, ಅಂಗವೈಕಲ್ಯ ಪ್ರಮಾಣಪತ್ರ ಇವು ಮುಖ್ಯ ದಾಖಲೆಗಳು. ಕೈಗಾರಿಕಾ ಕೆಲಸಗಾರರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಉಚಿತ ಕಾನೂನು ನೆರವಿಗೆ ಅರ್ಹರು. ರಾಷ್ಟ್ರೀಯ ಕಾನೂನು ನೆರವಿನ ಸಹಾಯವಾಣಿ 15100. ಜಿಲ್ಲೆಯ ಪ್ರಕರಣಗಳ ಮೇಲ್ಮನವಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಮುಂದೆ ಬರುತ್ತವೆ.

ಪ್ರಥಮ ಚಿಕಿತ್ಸೆ ಮತ್ತು ವೈದ್ಯಕೀಯ ಸೌಲಭ್ಯ

ಕಾರವಾರದಲ್ಲಿ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಅದಕ್ಕೆ ಸೇರಿದ ಜಿಲ್ಲಾ ಆಸ್ಪತ್ರೆ ಇವೆ. ತಲೆ ಮತ್ತು ಬೆನ್ನುಹುರಿಯ ತೀವ್ರ ಗಾಯಗಳಿಗೆ ಜಿಲ್ಲೆಯ ಜನರು ಗೋವಾ, ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರಿನ ಆಸ್ಪತ್ರೆಗಳನ್ನು ಅವಲಂಬಿಸುತ್ತ ಬಂದಿದ್ದಾರೆ. ಜಿಲ್ಲೆಯಲ್ಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ 2022ರಲ್ಲಿ ದೊಡ್ಡ ಸಾರ್ವಜನಿಕ ಅಭಿಯಾನವಾಯಿತು. ಆಸ್ಪತ್ರೆ ದೂರವಿದ್ದಷ್ಟೂ ಸ್ಥಳದಲ್ಲೇ ದೊರೆಯುವ ಪ್ರಥಮ ಚಿಕಿತ್ಸೆಯ ಮಹತ್ವ ಹೆಚ್ಚುತ್ತದೆ.

- ರಕ್ತಸ್ರಾವವಾಗುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಬೇಕು.
- ತುಂಡಾದ ಬೆರಳನ್ನು ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.
- ರಾಸಾಯನಿಕ ಕಣ್ಣಿಗೆ ಬಿದ್ದರೆ ಕನಿಷ್ಠ 15ರಿಂದ 20 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು.
- ಕ್ಲೋರಿನ್ ಸೋರಿದಾಗ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಎತ್ತರದ ಜಾಗಕ್ಕೆ ಸರಿಯಬೇಕು.
- ವಿದ್ಯುತ್ ಆಘಾತವಾದವರನ್ನು ಮುಟ್ಟುವ ಮೊದಲು ವಿದ್ಯುತ್ ಸಂಪರ್ಕ ಕಡಿಯಬೇಕು.
- ಗುಂಡಿ ಅಥವಾ ಟ್ಯಾಂಕಿನಲ್ಲಿ ಕುಸಿದುಬಿದ್ದವರನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಇಳಿಯಬಾರದು.
- ತೊರಕೆ ಮುಳ್ಳು ಚುಚ್ಚಿದರೆ, ಸಹಿಸಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಬಳಿಕ ವೈದ್ಯರನ್ನು ಕಾಣಬೇಕು.

ತುರ್ತು ಆಂಬುಲೆನ್ಸ್‌ಗೆ 108, ಸಮುದ್ರದಲ್ಲಿನ ಅವಘಡಕ್ಕೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು.

ತಡೆಗಟ್ಟುವಿಕೆ

ಔದ್ಯೋಗಿಕ ಸುರಕ್ಷತಾ ಶಾಸ್ತ್ರದಲ್ಲಿ ಅಪಾಯ ನಿವಾರಣೆಗೆ ಒಂದು ಕ್ರಮವಿದೆ: ಅಪಾಯವನ್ನೇ ತೆಗೆದುಹಾಕುವುದು, ಕಡಿಮೆ ಅಪಾಯದ ವಸ್ತು ಅಥವಾ ವಿಧಾನವನ್ನು ಬಳಸುವುದು, ಯಂತ್ರಕ್ಕೆ ರಕ್ಷಣಾ ಕವಚ ಅಳವಡಿಸುವುದು, ಕೆಲಸದ ನಿಯಮ ಮತ್ತು ತರಬೇತಿ, ಕೊನೆಯದಾಗಿ ಹೆಲ್ಮೆಟ್, ಕೈಗವಸು ಮುಂತಾದ ವೈಯಕ್ತಿಕ ಸಾಧನಗಳು. ಈ ಕ್ರಮದಲ್ಲಿ ಹೆಲ್ಮೆಟ್ ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ. ವಿಂಚಿಗೆ ಕವಚ, ಬೋಟಿನಲ್ಲಿ ಜೀವರಕ್ಷಕ ಜಾಕೆಟ್, ಗುಂಡಿಗೆ ಇಳಿಯುವ ಮೊದಲು ಗಾಳಿಯ ಪರೀಕ್ಷೆ, ತೋಟದಲ್ಲಿ ವಿದ್ಯುತ್ ಹರಿಯದ ವಸ್ತುವಿನ ದೋಟಿ, ಕಡಿದ ಗುಡ್ಡದ ಅಂಚಿನಲ್ಲಿ ವಾಹನ ನಿಲುಗಡೆಗೆ ತಡೆ ಇವು ಸ್ಥಳೀಯವಾಗಿ ಅನ್ವಯಿಸುವ ಕ್ರಮಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ಇರುವ ನಿಷೇಧದ ಮುಖ್ಯ ಉದ್ದೇಶ ಮೀನಿನ ಸಂತತಿಯ ರಕ್ಷಣೆಯಾದರೂ, ಮಳೆಗಾಲದ ಪ್ರಕ್ಷುಬ್ಧ ಸಮುದ್ರದಿಂದ ಅದು ಮೀನುಗಾರರನ್ನೂ ರಕ್ಷಿಸುತ್ತದೆ.

ಗಾಯವಾಗದೆ ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ದಾಖಲಿಸುವುದು ತಡೆಗಟ್ಟುವಿಕೆಯ ಭಾಗವಾಗಿದೆ. ಅದೇ ಯಂತ್ರ, ಅದೇ ಹಲಗೆ, ಅದೇ ತಂತಿ ಮುಂದಿನ ಬಾರಿ ಪ್ರಾಣಹಾನಿಗೆ ಕಾರಣವಾಗಬಹುದು. ಭಾರತದಲ್ಲಿ ಮಾರ್ಚ್ 4ನ್ನು ರಾಷ್ಟ್ರೀಯ ಸುರಕ್ಷತಾ ದಿನವನ್ನಾಗಿ ಆಚರಿಸಲಾಗುತ್ತದೆ. ಇದು 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ ದಿನ. ಏಪ್ರಿಲ್ 28 ಕೆಲಸದ ಸ್ಥಳದಲ್ಲಿನ ಸುರಕ್ಷತೆ ಮತ್ತು ಆರೋಗ್ಯದ ವಿಶ್ವ ದಿನ.

ಇವನ್ನೂ ನೋಡಿ

- ಉತ್ತರ ಕನ್ನಡ
- ಕೈಗಾ ಅಣುವಿದ್ಯುತ್ ಸ್ಥಾವರ
- ಐಎನ್‌ಎಸ್ ಕದಂಬ
- ಕೊಂಕಣ ರೈಲ್ವೆ
- ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ